ಸೆಲ್ ಬದಲಿಸಿದರೂ ಗೇಮ್ ಕಂಟ್ರೋಲರ್ ಏಳುತ್ತಿಲ್ಲವೇ? ಹೊಸದು ಕೊಳ್ಳುವ ಮುನ್ನ ಇಷ್ಟು ಮಾಡಿ ನೋಡಿ

ಮೇ ರಜೆಗೆ ಊರಿಗೆ ಹೋದ ಮಕ್ಕಳು ಉಡುಪಿ, ಕುಂದಾಪುರ, ಮಂಗಳೂರಿನ ಕಡೆಯಿಂದ ಮತ್ಸ್ಯಗಂಧ ರೈಲು ಹತ್ತಿ ಮುಂಬಯಿಗೆ ಮರಳುವುದು ಜೂನ್‌ನಲ್ಲಿ, ಶಾಲೆ ಶುರುವಾಗುವ ಹೊತ್ತಿಗೆ. ಮಳೆಯೂ ಆಗಲೇ. ನಗರಕ್ಕೆ ಮುಂಗಾರು ಕಾಲಿಡುವ ವಾಡಿಕೆಯ ದಿನ ಜೂನ್ 11. ವಾರಗಟ್ಟಲೆ ಬಾಗಿಲು ಹಾಕಿದ್ದ ಮನೆ, ಕಿಟಕಿ ಸಂದಿಯಿಂದ ಬರುವ ಸಮುದ್ರದ ತೇವ, ಟಿ.ವಿ. ಕೆಳಗಿನ ಕಪಾಟಿನಲ್ಲಿ ಸೆಲ್ ಸಮೇತ ಬಿಟ್ಟುಹೋದ ವೈರ್‌ಲೆಸ್ ಗೇಮ್ ಕಂಟ್ರೋಲರ್. ಗುಂಡಿ ಒತ್ತಿದರೆ ದೀಪ ಹತ್ತುವುದಿಲ್ಲ. ಬಿಲ್ಡಿಂಗ್ ಕೆಳಗಿನ ಅಂಗಡಿಯಿಂದ ಹೊಸ ಸೆಲ್ ತಂದು ಹಾಕಿದರೂ ಹತ್ತುವುದಿಲ್ಲ. ‘ಕಂಟ್ರೋಲರ್ ಹೋಯಿತು’ ಎಂದು ದೊಡ್ಡವರು ಕೈಚೆಲ್ಲುತ್ತಾರೆ. ಮಕ್ಕಳು ಅಷ್ಟರಲ್ಲಿ ಮೊಬೈಲ್‌ನಲ್ಲಿ ಹೊಸದರ ಬೆಲೆ ನೋಡುತ್ತಿರುತ್ತಾರೆ.

ಸ್ವಲ್ಪ ತಡೆಯಿರಿ. ಸೆಲ್ ಬದಲಿಸಿದ ಮೇಲೆ ನಿಂತುಹೋದ ಕಂಟ್ರೋಲರ್‌ನಲ್ಲಿ ಒಳಗಿನ ಸರ್ಕ್ಯೂಟ್ ಕೆಟ್ಟಿರುವುದು ಕಡೆಯ ಸಾಧ್ಯತೆ. ಅದಕ್ಕೂ ಮೊದಲು ನೋಡಬೇಕಾದ್ದು ಮೂರು. ಸೆಲ್‌ನಲ್ಲಿ ಕಸುವು ಇದೆಯೇ? ಇದ್ದರೆ ಅದು ಸ್ಪ್ರಿಂಗು, ತಗಡು ದಾಟಿ ಒಳಗೆ ಹೋಗುತ್ತಿದೆಯೇ? ಒಳಗೆ ಹೋದ ಮೇಲೆ ಕಂಟ್ರೋಲರ್ ತನ್ನ ಕನ್ಸೋಲನ್ನೋ ರಿಸೀವರನ್ನೋ ಹುಡುಕಿಕೊಳ್ಳುತ್ತಿದೆಯೇ? ಈ ಕ್ರಮ ತಪ್ಪಿಸಬಾರದು. ಅನೇಕರು ಮೂರನೆಯದರಿಂದ ಶುರುಮಾಡುತ್ತಾರೆ. ಬ್ಲೂಟೂತ್ ಪಟ್ಟಿ ಅಳಿಸಿ ಮತ್ತೆ ಸೇರಿಸುತ್ತಾರೆ, ಕನ್ಸೋಲ್ ರೀಸೆಟ್ ಮಾಡುತ್ತಾರೆ, ಭಾನುವಾರದ ಸಂಜೆ ಪೂರ್ತಿ ಅದರಲ್ಲೇ ಕಳೆಯುತ್ತದೆ. ತೊಂದರೆ ಮಾತ್ರ ಸ್ಪ್ರಿಂಗಿನ ತುದಿಯ ಒಂದು ಚುಕ್ಕೆ ಕಿಲುಬಿನಲ್ಲಿ ಇರುತ್ತದೆ.

ಒಂದು ತಪ್ಪು ತಿಳಿವಳಿಕೆಯನ್ನು ಮೊದಲೇ ಬಿಡಿಸಿಬಿಡೋಣ. ಸೆಲ್ ತೆಗೆದ ಮಾತ್ರಕ್ಕೆ ಒಳ್ಳೆಯ ಕಂಪನಿಯ ಕಂಟ್ರೋಲರ್ ತನ್ನ ಜೋಡಿಯನ್ನು ಮರೆಯುವುದಿಲ್ಲ. ಯಾರೊಡನೆ ಮಾತಾಡಬೇಕು ಎಂಬ ಮಾಹಿತಿ ಕರೆಂಟ್ ಇಲ್ಲದೆಯೂ ಉಳಿಯುವ ಮೆಮೊರಿಯಲ್ಲಿರುತ್ತದೆ. ಹಾಗಾಗಿ ಸೆಲ್ ಬದಲಿಸಿದ ಕೂಡಲೇ ತೊಂದರೆ ಕಾಣಿಸಿಕೊಂಡರೆ ಮೊದಲ ಗುಮಾನಿ ಸೆಲ್ ಮೇಲೆ, ಅದು ಕೂರುವ ಜಾಗದ ಮೇಲೆ.

ನಿಮ್ಮ ಮನೆಯಲ್ಲಿರುವುದು ಯಾವುದು?

ಎಕ್ಸ್‌ಬಾಕ್ಸ್‌ನ ಸಾಮಾನ್ಯ ಕಂಟ್ರೋಲರ್‌ಗೆ 2005ರ ಎಕ್ಸ್‌ಬಾಕ್ಸ್ 360ರಿಂದ ಹಿಡಿದು 2020ರ ಸೀರೀಸ್ ಎಕ್ಸ್, ಸೀರೀಸ್ ಎಸ್ ತನಕ ಎರಡು ಎಎ ಸೆಲ್, ಅಂದರೆ ನಾವು ಪೆನ್ಸಿಲ್ ಸೆಲ್ ಎನ್ನುವ ಸೆಲ್ ಬೇಕು. ಕಂಪ್ಯೂಟರ್‌ಗೆ ಹಾಕುವ ಲಾಜಿಟೆಕ್ ಎಫ್710ಗೂ ಎರಡು ಎಎ. ಟಿ.ವಿ.ಯ ಎಚ್‌ಡಿಎಂಐ ಕಿಂಡಿಗೆ ಸಿಕ್ಕಿಸುವ ಅಗ್ಗದ ಗೇಮ್ ಸ್ಟಿಕ್ ಜತೆ ಬರುವ ಜೋಡಿ ಕಂಟ್ರೋಲರ್‌ಗಳಲ್ಲಿ ಸಾಮಾನ್ಯವಾಗಿ ಒಂದೊಂದಕ್ಕೆ ಎರಡು ಎಎಎ, ಅಂದರೆ ರಿಮೋಟ್‌ಗೆ ಹಾಕುವ ತೆಳು ಸೆಲ್. ಈ ಲೇಖನ ಮುಖ್ಯವಾಗಿ ಇವುಗಳ ಬಗ್ಗೆ.

ಪ್ಲೇಸ್ಟೇಷನ್‌ನ ಡ್ಯುಯಲ್‌ಶಾಕ್ 4, ಡ್ಯುಯಲ್‌ಸೆನ್ಸ್ ಕಂಟ್ರೋಲರ್‌ಗಳಲ್ಲಿ ಬ್ಯಾಟರಿ ಒಳಗೇ ಇರುತ್ತದೆ. ರಿಪೇರಿಯವರಲ್ಲಿ ಬ್ಯಾಟರಿ ಹಾಕಿಸಿ ತಂದಮೇಲೆ ಅದು ಏಳದಿದ್ದರೆ ಎರಡು ಮಾತು ನೆನಪಿಡಿ. ಡ್ಯುಯಲ್‌ಶಾಕ್ 4ರ ಹಳೆ, ಹೊಸ ಮಾದರಿಗಳ ಬ್ಯಾಟರಿ ಪ್ಲಗ್ ಅಳತೆ ಬೇರೆಬೇರೆ. ತಪ್ಪಾದುದನ್ನು ಒತ್ತಿ ಕೂರಿಸಿದರೆ ಸರಿಯಾಗಿ ತಾಗುವುದಿಲ್ಲ. ಎರಡನೆಯದು, ಕಂಟ್ರೋಲರ್‌ನ ಹಿಂಬದಿಯಲ್ಲಿ ಸೂಜಿ ತೂರುವಷ್ಟು ಸಣ್ಣ ರಂಧ್ರವಿದೆ. ಕನ್ಸೋಲ್ ಆಫ್ ಮಾಡಿ, ಆ ರಂಧ್ರದೊಳಗಿನ ಗುಂಡಿಯನ್ನು ಸುಮಾರು 5 ಸೆಕೆಂಡ್ ಒತ್ತಿ ಹಿಡಿದು, ಕೇಬಲ್‌ನಿಂದ ಕನ್ಸೋಲ್‌ಗೆ ಜೋಡಿಸಿ ನಡುವಿನ ಪಿಎಸ್ ಗುಂಡಿ ಒತ್ತಿ.

ದೀಪ ಏನು ಹೇಳುತ್ತಿದೆ?

ಸೆಲ್ ಹಾಕಿ ನಡುವಿನ ಗುಂಡಿ ಒತ್ತಿ. ದೀಪ ಹತ್ತದಿದ್ದರೆ ತೊಂದರೆ ಸೆಲ್‌ನಲ್ಲೋ ಅದು ತಾಗುವ ತಗಡಿನಲ್ಲೋ ಇದೆ. ಹತ್ತಿದ ಕ್ಷಣದಲ್ಲೇ ಆರಿದರೆ, ಅಥವಾ ಆಟದಲ್ಲಿ ಕಂಟ್ರೋಲರ್ ನಡುಗುವ ಹೊತ್ತಿಗೇ ಸರಿಯಾಗಿ ಕಡಿದುಹೋದರೆ, ಸೆಲ್‌ಗೆ ದಮ್ಮಿಲ್ಲ ಇಲ್ಲವೇ ಸ್ಪ್ರಿಂಗ್ ಸಡಿಲವಾಗಿದೆ. ನಡುಕ ಹುಟ್ಟಿಸುವ ಪುಟ್ಟ ಮೋಟಾರುಗಳು ಒಮ್ಮೆಲೇ ಹೆಚ್ಚು ಕರೆಂಟ್ ಎಳೆಯುತ್ತವೆ, ಸೋತ ಸೆಲ್‌ನ ವೋಲ್ಟೇಜ್ ಆಗ ಕುಸಿಯುತ್ತದೆ. ಆಟದ ಸೆಟ್ಟಿಂಗ್ಸ್‌ನಲ್ಲಿ ವೈಬ್ರೇಷನ್ ಆಫ್ ಮಾಡಿದ ಮೇಲೆ ಸರಿಯಾಗಿ ನಡೆದರೆ ಅನುಮಾನವೇ ಬೇಡ. ದೀಪ ಮಿನುಗುತ್ತಲೇ ಇದ್ದರೆ ಕರೆಂಟ್ ಸರಿ ಇದೆ, ಜೋಡಿ ಸಿಗುತ್ತಿಲ್ಲ ಎಂದರ್ಥ. ಆಗ ಸೆಲ್ ಮತ್ತು ಕಿಲುಬಿನ ಭಾಗ ಬಿಟ್ಟು ಮುಂದಕ್ಕೆ ಹೋಗಬಹುದು.

ಎಕ್ಸ್‌ಬಾಕ್ಸ್ ಒನ್ ಅಥವಾ ಅದರ ನಂತರದ ಕಂಟ್ರೋಲರ್ ಆಗಿದ್ದರೆ ಒಂದೇ ಪರೀಕ್ಷೆಯಲ್ಲಿ ಅರ್ಧ ಕೆಲಸ ಮುಗಿಯುತ್ತದೆ. ಎರಡೂ ಸೆಲ್ ತೆಗೆದು, ಯುಎಸ್‌ಬಿ ಕೇಬಲ್‌ನಿಂದ ಕನ್ಸೋಲ್‌ಗೋ ಕಂಪ್ಯೂಟರ್‌ಗೋ ಜೋಡಿಸಿ. ಈ ಕಂಟ್ರೋಲರ್‌ಗಳು ಸೆಲ್ ಇಲ್ಲದೆ ಕೇಬಲ್ ಕರೆಂಟಿನಲ್ಲೇ ನಡೆಯುತ್ತವೆ. 2020ಕ್ಕೂ ಹಿಂದಿನವಕ್ಕೆ ಮೈಕ್ರೋ ಯುಎಸ್‌ಬಿ, ಆಮೇಲಿನವಕ್ಕೆ ಟೈಪ್-ಸಿ. ಕೇಬಲ್‌ನಲ್ಲಿ ದೀಪ ಹತ್ತಿ ಆಟ ನಡೆದರೆ ಕಂಟ್ರೋಲರ್‌ನ ಒಳಗು ಆರೋಗ್ಯವಾಗಿದೆ. ದೋಷ ಇರುವುದು ಸೆಲ್‌ನಲ್ಲಿ ಅಥವಾ ಸೆಲ್ ಮನೆಯಲ್ಲಿ, ಅಂದರೆ ಸೆಲ್ ಕೂರುವ ಗೂಡಿನಲ್ಲಿ. ಮನೆಯಲ್ಲಿ ಬಿದ್ದಿರುವ ಕೆಲವು ಕೇಬಲ್‌ಗಳು ಚಾರ್ಜಿಂಗಿಗೆ ಮಾತ್ರ, ಡೇಟಾ ಸಾಗಿಸುವುದಿಲ್ಲ. ದೀಪ ಹತ್ತಿಯೂ ಆಟ ನಡೆಯದಿದ್ದರೆ ಕೇಬಲ್ ಬದಲಿಸಿ ನೋಡಿ.

ಹೊಸ ಸೆಲ್ ಎಂದರೆ ಒಳ್ಳೆಯ ಸೆಲ್ ಅಲ್ಲ

ಮೊದಲು ಕಣ್ಣಿಗೆ ಕಾಣುವುದನ್ನು ನೋಡಿ. ಜೋಡಿ ಸೆಲ್‌ಗಳು ಪ್ಲಾಸ್ಟಿಕ್ ಪೊರೆಯಲ್ಲಿ ಸುತ್ತಿ ಬರುತ್ತವೆ. ಅದರ ಪಾರದರ್ಶಕ ಚೂರು ತುದಿಗೆ ಅಂಟಿಕೊಂಡಿದ್ದರೆ ಕರೆಂಟ್ ಹರಿಯುವುದಿಲ್ಲ. ಬೆಳಕಿಗೆ ಹಿಡಿದು ಎರಡೂ ತುದಿಯನ್ನು ಉಗುರಿನಿಂದ ಕೆರೆದು ನೋಡಿ. ಆಮೇಲೆ ದಿಕ್ಕು. ಒಂದು ಸೆಲ್‌ನ ಮೂತಿ ಒಂದು ಕಡೆಗಿದ್ದರೆ ಪಕ್ಕದ್ದರದು ಇನ್ನೊಂದು ಕಡೆಗಿರುವುದೇ ಹೆಚ್ಚು. ಒಂದು ಸೆಲ್ ತಿರುಗಿದರೂ ಎರಡರ ವೋಲ್ಟೇಜ್ ಪರಸ್ಪರ ಕಳೆದು ಸೊನ್ನೆಯಾಗುತ್ತದೆ. ಸ್ಪ್ರಿಂಗ್ ನೋಡಿ ಊಹಿಸುವ ಬದಲು, ಸೆಲ್ ಮನೆಯ ತಳದಲ್ಲಿ ಕೊರೆದಿರುವ ಪ್ಲಸ್, ಮೈನಸ್ ಗುರುತನ್ನು ಟಾರ್ಚ್ ಬೆಳಕಿನಲ್ಲಿ ಓದಿ. ಕಪ್ಪು ಪ್ಲಾಸ್ಟಿಕ್ ಮೇಲಿನ ಕಪ್ಪು ಗುರುತು ಬರಿಗಣ್ಣಿಗೆ ಸುಲಭಕ್ಕೆ ಕಾಣುವುದಿಲ್ಲ.

ಈಗ ಸೆಲ್‌ನ ಜಾತಿ. ಅಂಗಡಿಯ ಗಲ್ಲಾದ ಪಕ್ಕ ತೂಗುಹಾಕಿರುವ ಅಗ್ಗದ ಸೆಲ್‌ಗಳು ಹೆಚ್ಚಾಗಿ ಸತು-ಇಂಗಾಲದವು, ಅಂದರೆ ಜಿಂಕ್ ಕಾರ್ಬನ್. ಗೋಡೆ ಗಡಿಯಾರಕ್ಕೆ, ಟಿ.ವಿ. ರಿಮೋಟ್‌ಗೆ ಅವು ಸಾಕು. ಗೇಮ್ ಕಂಟ್ರೋಲರ್ ಎಳೆಯುವ ಕರೆಂಟ್ ಅವುಗಳ ಶಕ್ತಿಗೆ ಮೀರಿದ್ದು. ಒಳಗಿನ ಪ್ರತಿರೋಧ ಹೆಚ್ಚಿರುವುದರಿಂದ, ಹೊಸದಾಗಿದ್ದರೂ ಹೊರೆ ಬಿದ್ದೊಡನೆ ವೋಲ್ಟೇಜ್ ಇಳಿಯುತ್ತದೆ. ಸೆಲ್ ಮೈಮೇಲೆ ಆರ್6 ಎಂದಿದ್ದರೆ ಅದು ಜಿಂಕ್ ಕಾರ್ಬನ್, ಎಲ್‌ಆರ್6 ಎಂದಿದ್ದರೆ ಆಲ್ಕಲೈನ್, ಎಚ್‌ಆರ್6 ಎಂದಿದ್ದರೆ ರೀಚಾರ್ಜ್ ಮಾಡಬಹುದಾದ ನಿಕಲ್ ಸೆಲ್. ತೆಳು ಎಎಎ ಸೆಲ್‌ನಲ್ಲಿ 6ರ ಜಾಗದಲ್ಲಿ 03 ಇರುತ್ತದೆ. ಕೈಯಲ್ಲಿ ಹಿಡಿದರೂ ಗೊತ್ತಾಗುತ್ತದೆ, ಆಲ್ಕಲೈನ್ ಎಎ ಸುಮಾರು 23 ಗ್ರಾಂ ತೂಗುತ್ತದೆ, ಜಿಂಕ್ ಕಾರ್ಬನ್ ಅದಕ್ಕಿಂತ ಹಗುರ. ಕಂಟ್ರೋಲರ್‌ಗೆ ಆಲ್ಕಲೈನ್ ಅಥವಾ ನಿಕಲ್ ರೀಚಾರ್ಜಬಲ್ ಮಾತ್ರ ಹಾಕಿ. ಬಳಸಬೇಕಾದ ಗಡುವಿನ ತಿಂಗಳು, ವರ್ಷವೂ ಅಲ್ಲೇ ಮುದ್ರಿತವಾಗಿರುತ್ತದೆ.

ಹಳೆಯದೊಂದು, ಹೊಸದೊಂದು ಸೇರಿಸಿ ಹಾಕುವ ಅಭ್ಯಾಸ ನಮ್ಮ ಮನೆಗಳಲ್ಲಿ ತುಂಬ. ಇದು ಒಂದೇ ನೊಗಕ್ಕೆ ಎಳೆ ಎತ್ತು, ಮುದಿ ಎತ್ತು ಕಟ್ಟಿದ ಹಾಗೆ. ಎರಡೂ ಸಾಲಾಗಿ ಜೋಡಣೆಯಾಗಿರುವುದರಿಂದ ಹೊಸ ಸೆಲ್ ಕರೆಂಟ್ ತಳ್ಳುತ್ತಲೇ ಇರುತ್ತದೆ, ಬರಿದಾದ ಸೆಲ್ ಉಲ್ಟಾ ಚಾರ್ಜ್ ಆಗುವ ಹಂತಕ್ಕೆ ಹೋಗಿ ಸೋರತೊಡಗುತ್ತದೆ. ಎರಡೂ ಒಂದೇ ಕಂಪನಿಯ, ಒಂದೇ ಜಾತಿಯ, ಒಂದೇ ದಿನ ಕೊಂಡ ಸೆಲ್ ಆಗಿರಲಿ.

ಸೆಲ್ ಪರೀಕ್ಷೆಗೆ ಮಲ್ಟಿಮೀಟರ್ ಇದ್ದರೆ ಲೇಸು. ಕೆಲವು ನೂರು ರೂಪಾಯಿಯ ಡಿಜಿಟಲ್ ಮೀಟರ್ ಮನೆಗೆ ಒಂದಿರಲಿ ಎಂಬುದು ನನ್ನ ಮನವಿ. ಇನ್ವರ್ಟರ್, ಕಾರ್ ಬ್ಯಾಟರಿ, ರಿಮೋಟ್ ಎಲ್ಲಕ್ಕೂ ಬರುತ್ತದೆ. ಡಿ.ಸಿ. ವೋಲ್ಟ್‌ನಲ್ಲಿಟ್ಟು ಅಳೆದರೆ ಹೊಸ ಆಲ್ಕಲೈನ್ ಸೆಲ್ 1.5ರಿಂದ 1.6 ವೋಲ್ಟ್ ತೋರಿಸಬೇಕು. 1.3ಕ್ಕಿಂತ ಕೆಳಗಿದ್ದರೆ ಅದು ಹೊಸ ಸೆಲ್ ಅಲ್ಲ. ನಿಕಲ್ ರೀಚಾರ್ಜಬಲ್ ಸೆಲ್ ಚಾರ್ಜರ್‌ನಿಂದ ತೆಗೆದ ಕೂಡಲೇ 1.4ರ ಆಸುಪಾಸು ತೋರಿಸಿ, ಬಳಕೆಯಲ್ಲಿ 1.2ಕ್ಕೆ ನಿಲ್ಲುತ್ತದೆ, ಅದು ಅದರ ಸಹಜ ಸ್ಥಿತಿ. ಇದೇ ಕಾರಣಕ್ಕೆ ಪೂರ್ತಿ ಚಾರ್ಜ್ ಆಗಿದ್ದರೂ ಟಿ.ವಿ. ಪರದೆಯ ಬ್ಯಾಟರಿ ಗುರುತು ಕಡಿಮೆ ತೋರಿಸಬಹುದು. ಗಾಬರಿ ಬೇಡ.

ಮೀಟರ್ ಇಲ್ಲದವರು ಸೆಲ್ಲನ್ನು ನೆಟ್ಟಗೆ ಹಿಡಿದು ಮೇಜಿನ ಮೇಲೆ ಒಂದಿಂಚು ಎತ್ತರದಿಂದ ಬಿಟ್ಟು ನೋಡುತ್ತಾರೆ. ಪುಟಿದರೆ ಖಾಲಿ, ಧೊಪ್ಪೆಂದು ಕೂತರೆ ತುಂಬಿದೆ ಎಂಬ ನಂಬಿಕೆ. ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಇದನ್ನು ಪರೀಕ್ಷಿಸಿ ಪ್ರಕಟಿಸಿದ್ದಾರೆ. ಆಲ್ಕಲೈನ್ ಸೆಲ್ ಖರ್ಚಾಗುತ್ತ ಹೋದಂತೆ ಒಳಗಿನ ಸತುವಿನ ಲೇಹ್ಯ ಸತುವಿನ ಆಕ್ಸೈಡ್ ಆಗಿ ಗಟ್ಟಿಕಟ್ಟುತ್ತದೆ, ಹಾಗಾಗಿ ಪುಟಿಯುತ್ತದೆ. ಆದರೆ ಅರ್ಧ ಖರ್ಚಾಗುವ ಹೊತ್ತಿಗೇ ಪುಟಿತ ತನ್ನ ಗರಿಷ್ಠಕ್ಕೆ ಬಂದುಬಿಡುತ್ತದೆ. ಅಂದರೆ ಪುಟಿಯುವ ಸೆಲ್ ಹೊಸದಲ್ಲ ಎನ್ನಬಹುದೇ ಹೊರತು ಖಾಲಿ ಎನ್ನುವ ಹಾಗಿಲ್ಲ. ಅಂಗಡಿಯವರು ‘ಹೊಸದೇ ಕೊಟ್ಟೆ’ ಎನ್ನುವಾಗ ಇಷ್ಟು ತಿಳಿದಿದ್ದರೂ ಉಪಯೋಗವಿದೆ.

ಇನ್ನೊಂದು ಎಚ್ಚರಿಕೆಯನ್ನು ದಯವಿಟ್ಟು ಎರಡು ಸಲ ಓದಿ. ನೋಡಲು ಎಎ ಸೆಲ್‌ನಷ್ಟೇ ಉದ್ದ, ಅಷ್ಟೇ ದಪ್ಪದ ಲಿಥಿಯಂ-ಅಯಾನ್ ಸೆಲ್ ಒಂದು ಮಾರುಕಟ್ಟೆಯಲ್ಲಿದೆ, ಹೆಸರು 14500. ಟಾರ್ಚ್‌ಗಳಿಗೆ ಹಾಕುವಂಥದು. ಅದರ ವೋಲ್ಟೇಜ್ 3.7. ಎರಡು ಹಾಕಿದರೆ 3 ವೋಲ್ಟ್ ಬೇಕಾದ ಕಂಟ್ರೋಲರ್‌ಗೆ 7ಕ್ಕೂ ಹೆಚ್ಚು ವೋಲ್ಟ್ ನುಗ್ಗುತ್ತದೆ. ಹಾಗೆ ಸುಟ್ಟ ಬೋರ್ಡ್‌ಗೆ ಈ ಲೇಖನದಲ್ಲಿ ಮದ್ದಿಲ್ಲ. ಸೆಲ್ ಮೇಲೆ 3.7 ಎಂದು ಕಂಡರೆ ಹಾಕಲೇಬೇಡಿ. ಮೈಯಲ್ಲೇ ಟೈಪ್-ಸಿ ಕಿಂಡಿಯಿರುವ 1.5 ವೋಲ್ಟ್ ಲಿಥಿಯಂ ಸೆಲ್ ಬೇರೆ. ಅದರಲ್ಲಿ ವೋಲ್ಟೇಜ್ ಇಳಿಸುವ ಪುಟ್ಟ ಸರ್ಕ್ಯೂಟ್ ಇದೆ, ಹಾಕಬಹುದು. ಕೊನೆಯ ತನಕ 1.5 ವೋಲ್ಟನ್ನೇ ಕೊಡುವುದರಿಂದ ಬ್ಯಾಟರಿ ಗುರುತು ಪೂರ್ತಿ ತುಂಬಿದೆ ಎಂದು ತೋರಿಸುತ್ತಿರುವಾಗಲೇ ಕಂಟ್ರೋಲರ್ ಥಟ್ಟನೆ ಆರುತ್ತದೆ. ಅದನ್ನು ದೋಷವೆಂದು ತಿಳಿಯದೆ ಸೆಲ್ ಚಾರ್ಜ್ ಮಾಡಿ.

ಬಿಳಿ ಪುಡಿ, ಹಸಿರು ಕಿಲುಬು

ಮುಂಬಯಿಯಲ್ಲಿ ಹೆಚ್ಚಿನ ಕಂಟ್ರೋಲರ್‌ಗಳು ನಿಲ್ಲುವುದು ಈ ಕಿಲುಬಿನಿಂದಲೇ ಎಂದು ನಾನು ನಂಬಿದ್ದೇನೆ. ಜುಲೈ, ಆಗಸ್ಟ್‌ನಲ್ಲಿ ಮುಂಬಯಿಯ ಗಾಳಿಯ ತೇವಾಂಶ ಶೇ. 80 ದಾಟುತ್ತದೆ. ವರ್ಸೋವಾ, ಮಾಹಿಮ್, ವರ್ಲಿಯಂಥ ಸಮುದ್ರದಂಚಿನ ವಸತಿಗಳಲ್ಲಿ ಆ ತೇವದ ಜತೆ ಉಪ್ಪೂ ಬರುತ್ತದೆ. ಸೆಲ್ ಮನೆಯ ಸ್ಪ್ರಿಂಗಿಗೆ ನಿಕಲ್‌ನ ತೆಳು ಲೇಪವಿರುತ್ತದೆ. ಉಪ್ಪು ಆ ಲೇಪ ತಿಂದ ಮೇಲೆ ಒಳಲೋಹಕ್ಕೆ ಇಳಿಯುತ್ತದೆ. ತಾಮ್ರದ ಅಂಶವಿದ್ದರೆ ಹಸಿರು ಕಿಲುಬು, ಉಕ್ಕಾದರೆ ಕಂದು ತುಕ್ಕು.

ಇನ್ನೊಂದು, ಸೆಲ್‌ನದೇ ಸೋರಿಕೆ. ಬಳಸದೆ ಬಿಟ್ಟ ಆಲ್ಕಲೈನ್ ಸೆಲ್‌ನಲ್ಲಿ ಹೈಡ್ರೋಜನ್ ಅನಿಲ ಕೂಡಿ ಒತ್ತಡ ಏರುತ್ತದೆ, ಮುದ್ರೆ ಬಿಟ್ಟುಕೊಳ್ಳುತ್ತದೆ, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹೊರಬರುತ್ತದೆ. ಅದು ಗಾಳಿಯ ಇಂಗಾಲದ ಡೈಆಕ್ಸೈಡ್ ಜತೆ ಸೇರಿ ಪೊಟ್ಯಾಸಿಯಂ ಕಾರ್ಬೊನೇಟ್ ಎಂಬ ಬಿಳಿ ಪುಡಿಯಾಗುತ್ತದೆ. ಜಿಂಕ್ ಕಾರ್ಬನ್ ಸೆಲ್‌ನಲ್ಲಿ ಹೊರಗಿನ ಸತುವಿನ ಡಬ್ಬಿಯೇ ಮೈನಸ್ ತುದಿ. ಬಳಸಿದಷ್ಟೂ ಅದು ಸವೆದು ತೂತಾಗುತ್ತದೆ, ಆಮ್ಲೀಯ ದ್ರವ ಸೋರುತ್ತದೆ. ಎರಡಕ್ಕೂ ಔಷಧ ಬೇರೆ.

ಸ್ವಚ್ಛ ಮಾಡುವ ಕ್ರಮ ಹೀಗೆ. ಕೈಗೆ ಗವಸು, ಇಲ್ಲದಿದ್ದರೆ ಪ್ಲಾಸ್ಟಿಕ್ ಚೀಲವಾದರೂ ಹಾಕಿಕೊಳ್ಳಿ. ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಚರ್ಮ ಸುಡುತ್ತದೆ, ಕಣ್ಣಿಗೆ ಬಿದ್ದರೆ ಧಾರಾಳ ನೀರಿನಲ್ಲಿ ತೊಳೆದು ಕೂಡಲೇ ವೈದ್ಯರಲ್ಲಿಗೆ ಹೋಗಬೇಕು. ಮಕ್ಕಳಿಗೆ ಈ ಕೆಲಸ ಕೊಡಬೇಡಿ. ಕಂಟ್ರೋಲರನ್ನು ಹಳೆ ಪೇಪರ್ ಮೇಲೆ, ಸೆಲ್ ಮನೆಯ ಬಾಯಿ ಕೆಳಮುಖವಾಗಿ ಬರುವಂತೆ ಓರೆಯಾಗಿ ಹಿಡಿದು, ಒಣ ಹಲ್ಲುಜ್ಜುವ ಬ್ರಷ್‌ನಿಂದ ಪುಡಿ ಉದುರಿಸಿ. ಊದಬೇಡಿ, ಮುಖಕ್ಕೇ ಹಾರುತ್ತದೆ. ಆಮೇಲೆ ಕಿವಿಗೆ ಬಳಸುವ ಹತ್ತಿ ಕಡ್ಡಿಯನ್ನು ಬಿಳಿ ವಿನೆಗರ್‌ನಲ್ಲಿ ಅದ್ದಿ, ಹಿಂಡಿ, ಸ್ಪ್ರಿಂಗ್ ಮತ್ತು ತಗಡಿನ ಮೇಲೆ ಉಜ್ಜಿ. ಸಣ್ಣಗೆ ನೊರೆ ಬಂದರೆ ಸೋರಿದ್ದು ಆಲ್ಕಲೈನ್, ಔಷಧ ಹತ್ತುತ್ತಿದೆ ಎಂದು ತಿಳಿಯಿರಿ. ನಿಂಬೆರಸವೂ ಆದೀತು, ಆದರೆ ಅದರ ತಿರುಳು, ಸಕ್ಕರೆಯ ಅಂಟು ಉಳಿಯುವುದರಿಂದ ನಾನು ವಿನೆಗರನ್ನೇ ಹೇಳುತ್ತೇನೆ. ಸೋರಿದ್ದು ಜಿಂಕ್ ಕಾರ್ಬನ್ ಸೆಲ್ ಆಗಿದ್ದರೆ ವಿನೆಗರ್ ಬೇಡ. ಅಡುಗೆ ಸೋಡಾವನ್ನು ಎರಡು ಹನಿ ನೀರಿನಲ್ಲಿ ಕಲಸಿ ಹಚ್ಚಿ ಒರೆಸಿ.

ನೊರೆ ನಿಂತ ಮೇಲೆ ಹೊಸ ಹತ್ತಿ ಕಡ್ಡಿಯನ್ನು ನೀರಿನಲ್ಲಿ ಅದ್ದಿ ಹಿಂಡಿ ಒರೆಸಿ, ಕೊನೆಗೆ ಐಸೋಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿ. ಮೊಬೈಲ್ ರಿಪೇರಿಯವರು ಬೋರ್ಡ್ ತೊಳೆಯಲು ಬಳಸುವುದು ಇದನ್ನೇ. ವಿನೆಗರ್ ಹಾಗೇ ಉಳಿದರೆ ಅದೇ ಮುಂದೆ ಲೋಹ ತಿನ್ನುತ್ತದೆ. ನಂತರ ಶಾಲೆಯ ಪೆನ್ಸಿಲ್ ಅಳಿಸುವ ರಬ್ಬರ್ ತುಂಡಿನಿಂದ ತಗಡು ಹೊಳೆಯುವಷ್ಟು ಉಜ್ಜಿ. ಮರಳು ಕಾಗದ ಮುಟ್ಟಬೇಡಿ, ಇದ್ದ ನಿಕಲ್ ಲೇಪವೂ ಹೋಗಿ ಮುಂದಿನ ಮಳೆಗಾಲಕ್ಕೆ ಪೂರ್ತಿ ಕಿಲುಬು ಹಿಡಿಯುತ್ತದೆ. ಸ್ಪ್ರಿಂಗ್ ಒತ್ತಿ ಚಪ್ಪಟೆಯಾಗಿದ್ದರೆ ಚಿಮಟದಿಂದ ತುದಿ ಹಿಡಿದು ಮೆಲ್ಲಗೆ ಒಂದೆರಡು ಮಿಲಿಮೀಟರ್ ಹೊರಗೆಳೆಯಿರಿ. ಪ್ಲಸ್ ಮೂತಿ ಗಿಡ್ಡವಾಗಿರುವ ಕೆಲವು ರೀಚಾರ್ಜಬಲ್ ಸೆಲ್‌ಗಳು ಒಳಕ್ಕೆ ಹುದುಗಿದ ತಗಡಿಗೆ ತಾಗುವುದೇ ಇಲ್ಲ. ಆಗ ಬೇರೆ ಕಂಪನಿಯ ಸೆಲ್ ಹಾಕಿ ನೋಡಬೇಕು. ಅಲ್ಯುಮಿನಿಯಂ ಫಾಯಿಲ್ ತುಂಡು ತುರುಕುವುದು ಒಳ್ಳೆಯ ಉಪಾಯವಲ್ಲ. ಅದು ಜಾರಿ ಎರಡು ತಗಡನ್ನು ಸೇರಿಸಿದರೆ ಸೆಲ್ ಕಾದು ಕೈ ಸುಡುತ್ತದೆ.

ಫ್ಯಾನ್ ಕೆಳಗೆ ರಾತ್ರಿಯಿಡೀ ಒಣಗಲು ಬಿಡಿ. ಮಳೆಗಾಲದಲ್ಲಿ ಎರಡು ಗಂಟೆ ಸಾಲದು.

ಸ್ವಚ್ಛವಾದರೂ ದೀಪ ಹತ್ತದಿದ್ದರೆ ಮೀಟರ್ ತೆಗೆಯಿರಿ. ಸೆಲ್ ಕೂತಿರುವಾಗಲೇ ಮೊದಲು ಸೆಲ್‌ನ ಎರಡು ತುದಿ ಮುಟ್ಟಿ ಅಳೆಯಿರಿ, ಆಮೇಲೆ ಅದೇ ಸೆಲ್ ತಾಗಿರುವ ಸ್ಪ್ರಿಂಗು, ತಗಡು ಮುಟ್ಟಿ ಅಳೆಯಿರಿ. ನಡುವಿನ ಗುಂಡಿ ಒತ್ತುತ್ತಿರುವಾಗ ಸೆಲ್‌ನಲ್ಲಿ 1.5 ಇದ್ದು ತಗಡಿನಲ್ಲಿ ಅದು ಕುಸಿದರೆ ಕಿಲುಬು ಇನ್ನೂ ಇದೆ. ಎರಡೂ ಸರಿಯಿದ್ದೂ ದೀಪ ಹತ್ತದಿದ್ದರೆ ತಗಡಿನಿಂದ ಬೋರ್ಡ್‌ಗೆ ಹೋಗುವ ಬೆಸುಗೆ ಬಿಟ್ಟಿರಬಹುದು. ಅದು ರಿಪೇರಿಯವರ ಕೆಲಸ.

ಊರಿಗೆ ಹೊರಡುವಾಗ ಗ್ಯಾಸ್ ಬಂದ್ ಮಾಡುವ ಹೊತ್ತಿಗೇ ಕಂಟ್ರೋಲರ್, ರಿಮೋಟ್‌ಗಳ ಸೆಲ್ ತೆಗೆದಿಡಿ. ಕಂಟ್ರೋಲರನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ, ಹೊಸ ಚಪ್ಪಲಿ ಪೆಟ್ಟಿಗೆಯಲ್ಲಿ ಸಿಗುವ ಸಿಲಿಕಾ ಜೆಲ್ ಚೀಲ ಹಾಕಿ ಇಟ್ಟರೆ ಇಷ್ಟೆಲ್ಲ ಪಾಡು ಬರುವುದಿಲ್ಲ. ಸೋರಿದ ಸೆಲ್ಲನ್ನು ಹಸಿ ಕಸಕ್ಕೆ ಹಾಕಬೇಡಿ. 2016ರ ಘನತ್ಯಾಜ್ಯ ನಿಯಮಗಳು ಬಳಸಿದ ಬ್ಯಾಟರಿಯನ್ನು ಮನೆಯ ಅಪಾಯಕಾರಿ ಕಸದ ಪಟ್ಟಿಗೆ ಸೇರಿಸಿದ್ದವು. ಬೇರೆಯಾಗಿ ಕಟ್ಟಿಟ್ಟು ಸೊಸೈಟಿಯ ಇ-ಕಸದ ಡಬ್ಬಕ್ಕೋ ಸಂಗ್ರಹಕ್ಕೋ ಕೊಡಿ.

ಜೋಡಿ ಕೂಡಿಸುವುದು

ದೀಪ ಮಿನುಗುವ ಹಂತಕ್ಕೆ ಬಂದಿರಾದರೆ ಉಳಿದದ್ದು ಹತ್ತು ನಿಮಿಷದ ಕೆಲಸ.

ಎಕ್ಸ್‌ಬಾಕ್ಸ್‌ನಲ್ಲಿ ದೀಪ ನಿಧಾನಕ್ಕೆ ಮಿನುಗಿದರೆ ಕಂಟ್ರೋಲರ್ ತನ್ನ ಕನ್ಸೋಲನ್ನು ಹುಡುಕುತ್ತಿದೆ. ಚುರುಕಾಗಿ ಮಿನುಗಿದರೆ ಹೊಸ ಜೋಡಿಗೆ ಸಿದ್ಧವಿದೆ. ಮೊದಲು ಕನ್ಸೋಲನ್ನು ಪೂರ್ತಿ ಆರಿಸಿ. ಮುಂಭಾಗದ ಪವರ್ ಗುಂಡಿಯನ್ನು 10 ಸೆಕೆಂಡ್ ಒತ್ತಿ ಹಿಡಿದು, ಪ್ಲಗ್ ಕಿತ್ತು, ಒಂದು ನಿಮಿಷ ಬಿಟ್ಟು ಹಾಕಿ. ಆಮೇಲೆ ಕನ್ಸೋಲ್ ಮೇಲಿನ ಜೋಡಿ ಗುಂಡಿ ಒಮ್ಮೆ ಒತ್ತಿ ಬಿಟ್ಟು, 20 ಸೆಕೆಂಡ್ ಒಳಗೆ ಕಂಟ್ರೋಲರ್‌ನ ಮೇಲಂಚಿನಲ್ಲಿ ಕೇಬಲ್ ಕಿಂಡಿಯ ಪಕ್ಕದ ಪುಟ್ಟ ಗುಂಡಿಯನ್ನು ದೀಪ ಚುರುಕಾಗಿ ಮಿನುಗುವ ತನಕ ಹಿಡಿದುಕೊಳ್ಳಿ. ದೀಪ ಸ್ಥಿರವಾದರೆ ಆಯಿತು.

ಇಲ್ಲೊಂದು ಮೋಸ ಹೋಗುವ ಜಾಗವಿದೆ. 2020ರ ಮಾದರಿ ಕಂಟ್ರೋಲರ್ ಒಂದು ಎಕ್ಸ್‌ಬಾಕ್ಸನ್ನೂ ಬ್ಲೂಟೂತ್‌ನ ಒಂದು ಸಾಧನವನ್ನೂ ಒಟ್ಟಿಗೆ ನೆನಪಿಟ್ಟುಕೊಳ್ಳುತ್ತದೆ. ಮಗ ಒಮ್ಮೆ ಅದನ್ನು ತನ್ನ ಮೊಬೈಲ್‌ಗೆ ಜೋಡಿಸಿದ್ದರೆ, ಸೆಲ್ ಬದಲಿಸಿ ಹಚ್ಚಿದಾಗ ಒಳಕೋಣೆಯ ಮೊಬೈಲ್‌ಗೇ ಹೋಗಿ ಸೇರಬಹುದು. ದೀಪ ಸ್ಥಿರ, ಟಿ.ವಿ.ಯಲ್ಲಿ ಮಾತ್ರ ಏನೂ ನಡೆಯದು. ಕಂಟ್ರೋಲರ್‌ನ ಜೋಡಿ ಗುಂಡಿಯನ್ನು ಬೇಗಬೇಗ ಎರಡು ಸಲ ಒತ್ತಿದರೆ ಅದು ಮತ್ತೆ ಕನ್ಸೋಲ್ ಕಡೆಗೆ ತಿರುಗುತ್ತದೆ. ಮನೆಯ ಎಲ್ಲರ ಮೊಬೈಲ್‌ನಲ್ಲಿ ಬ್ಲೂಟೂತ್ ಆಫ್ ಮಾಡಿ ನೋಡುವುದು ಇನ್ನೂ ಸುಲಭ.

ಲಾಜಿಟೆಕ್ ಎಫ್710 ಮೇಲೆ ಎಕ್ಸ್, ಡಿ ಎಂಬ ಎರಡು ಸ್ಥಾನದ ಜಾರು ಸ್ವಿಚ್ ಇದೆ. ಸೆಲ್ ಮುಚ್ಚಳ ತೆಗೆಯಲು ಗಟ್ಟಿ ಹಿಡಿದಾಗ ಅದು ಸರಿದುಬಿಡಬಹುದು. ಈಚಿನ ಆಟಗಳು ಡಿ ಸ್ಥಾನದಲ್ಲಿ ಕಂಟ್ರೋಲರನ್ನು ಗುರುತಿಸದೆ ಹೋಗುತ್ತವೆ, ಎಕ್ಸ್‌ಗೆ ಸರಿಸಿ. ನಿಂಟೆಂಡೊ ವೀ ರಿಮೋಟ್ ಉಳಿಸಿಕೊಂಡಿರುವವರಿಗೆ ಒಂದು ಮಾತು: ಅದರ ಕೆಂಪು ಸಿಂಕ್ ಗುಂಡಿ ಸೆಲ್ ಮುಚ್ಚಳದ ಒಳಗೇ ಇದೆ. ಗೇಮ್ ಸ್ಟಿಕ್ ಕಂಟ್ರೋಲರ್‌ಗಳಿಗೆ ಬೇರೆ ಗುಂಡಿ ಇಲ್ಲದಿರುವುದೇ ಹೆಚ್ಚು. ರಿಸೀವರ್ ಕಿತ್ತು, ಹತ್ತು ಎಣಿಸಿ ಮತ್ತೆ ಸಿಕ್ಕಿಸಿ. ಒಂದೊಂದೇ ಕಂಟ್ರೋಲರನ್ನು ಅದರ ಹತ್ತಿರ ಹಿಡಿದು ಸ್ಟಾರ್ಟ್ ಒತ್ತಿ. ಸ್ಟಿಕ್‌ಗೆ ಕರೆಂಟ್ ಟಿ.ವಿ.ಯ ಯುಎಸ್‌ಬಿ ಕಿಂಡಿಯಿಂದ ಬರುತ್ತಿದ್ದರೆ ಅದು ಸಾಲದೆಯೂ ರಿಸೀವರ್ ಕೈಕೊಡುತ್ತದೆ, ಮೊಬೈಲ್ ಚಾರ್ಜರ್‌ಗೆ ಹಾಕಿ ನೋಡಿ.

ವಿಂಡೋಸ್ ಕಂಪ್ಯೂಟರ್ ಆದರೆ ಬ್ಲೂಟೂತ್ ಪಟ್ಟಿಯಿಂದ ಕಂಟ್ರೋಲರ್ ತೆಗೆದು ಹೊಸದಾಗಿ ಸೇರಿಸಿ. 2016ಕ್ಕೂ ಹಿಂದಿನ ಎಕ್ಸ್‌ಬಾಕ್ಸ್ ಒನ್ ಕಂಟ್ರೋಲರ್‌ಗಳಲ್ಲಿ ಬ್ಲೂಟೂತ್ ಇಲ್ಲವೇ ಇಲ್ಲ, ಆ ಪಟ್ಟಿಯಲ್ಲಿ ಹುಡುಕಿ ದಣಿಯಬೇಡಿ. ಕೇಬಲ್ ಜೋಡಿಸಿ ಎಕ್ಸ್‌ಬಾಕ್ಸ್ ಆಕ್ಸೆಸರೀಸ್ ಆ್ಯಪ್‌ನಿಂದ ಫರ್ಮ್‌ವೇರ್ ಅಪ್‌ಡೇಟ್ ಮಾಡುವುದೂ ಒಳ್ಳೆಯದು.

ಗೋಡೆಯಾಚೆಯ ವೈ-ಫೈ

ಜೋಡಿ ಕೂಡಿದ ಮೇಲೂ ಸಂಪರ್ಕ ಆಗಾಗ ಕಡಿಯುತ್ತಿದ್ದರೆ ಸುತ್ತಲಿನ ತರಂಗಗಳ ಕಡೆ ನೋಡಬೇಕು. ಮುಂಬಯಿಯ ಮನೆಗಳಲ್ಲಿ ದೂರದ ಪ್ರಶ್ನೆಯೇ ಬರುವುದಿಲ್ಲ. ಡೊಂಬಿವಿಲಿಯ ಒನ್ ಬಿಎಚ್‌ಕೆಯಲ್ಲಾಗಲಿ, ಪರೇಲಿನ ಚಾಳಿನ ಖೋಲಿಯಲ್ಲಾಗಲಿ ಸೋಫಾದಿಂದ ಟಿ.ವಿ. ಹತ್ತಡಿ. ನಮ್ಮ ತೊಂದರೆ ದಟ್ಟಣೆ. ಈ ಕಂಟ್ರೋಲರ್‌ಗಳಲ್ಲಿ ಹೆಚ್ಚಿನವು 2400ರಿಂದ 2483.5 ಮೆಗಾಹರ್ಟ್ಸ್ ನಡುವಿನ ತರಂಗಗಳಲ್ಲಿ ಮಾತಾಡುತ್ತವೆ. ಕಡಿಮೆ ಶಕ್ತಿಯ ಉಪಕರಣಗಳಿಗೆ ಈ ಪಟ್ಟಿಯನ್ನು ಭಾರತ ಸರ್ಕಾರ 2005ರಲ್ಲಿ ಲೈಸೆನ್ಸ್‌ನಿಂದ ಮುಕ್ತ ಮಾಡಿತು. ವೈ-ಫೈ, ಬ್ಲೂಟೂತ್ ಇಯರ್‌ಫೋನ್, ವೈರ್‌ಲೆಸ್ ಮೌಸ್ ಎಲ್ಲವೂ ಅಲ್ಲೇ. ಮೈಕ್ರೋವೇವ್ ಒಲೆಯೂ 2450ರಲ್ಲೇ ನಡೆಯುತ್ತದೆ. ಆ ಕಿರಿದಾದ ಪಟ್ಟಿಯಲ್ಲಿ ಒಂದಕ್ಕೊಂದು ತಾಗದ ವೈ-ಫೈ ಚಾನೆಲ್ 1, 6, 11 ಮೂರೇ. ಗೋಡೆಯಾಚೆ, ಮೇಲೆ, ಕೆಳಗೆ ಎಲ್ಲ ಮನೆಯ ರೂಟರ್‌ಗಳೂ ಅವನ್ನೇ ಹಂಚಿಕೊಳ್ಳಬೇಕು. ಸೆಲ್ ದುರ್ಬಲವಾಗಿದ್ದಾಗ ಕಂಟ್ರೋಲರ್ ಈ ಗದ್ದಲದಲ್ಲಿ ಇನ್ನಷ್ಟು ಬೇಗ ಸೋಲುತ್ತದೆ.

ನಿಮ್ಮ ರೂಟರ್‌ನಲ್ಲಿ 5 ಗಿಗಾಹರ್ಟ್ಸ್ ಇದ್ದರೆ ಟಿ.ವಿ., ಮೊಬೈಲ್‌ಗಳನ್ನು ಅದಕ್ಕೆ ಸರಿಸಿ. ಕನ್ಸೋಲನ್ನು ಶೋಕೇಸ್‌ನ ಒಳಗೆ, ಟಿ.ವಿ.ಯ ಬೆನ್ನಿಗೆ ತುರುಕಬೇಡಿ. ಕಂಪ್ಯೂಟರ್‌ನ ನೀಲಿ ಬಣ್ಣದ ಯುಎಸ್‌ಬಿ 3 ಕಿಂಡಿ 2.4 ಗಿಗಾಹರ್ಟ್ಸ್ ಆಸುಪಾಸಿನಲ್ಲಿ ಗದ್ದಲ ಸೂಸುತ್ತದೆಂದು ಇಂಟೆಲ್ ಕಂಪನಿಯೇ 2012ರಲ್ಲಿ ಪ್ರಕಟಿಸಿದೆ. ರಿಸೀವರನ್ನು ಕಪ್ಪು ಕಿಂಡಿಗೆ ಹಾಕಿ. ಅದಕ್ಕಿಂತ ಒಳ್ಳೆಯದು, ಒಂದು ಗಜ ಉದ್ದದ ಎಕ್ಸ್‌ಟೆನ್ಷನ್ ಕೇಬಲ್‌ನಿಂದ ಮೇಜಿನ ಮೇಲಕ್ಕೆ ತನ್ನಿ. ಆಗಾಗ ಕಡಿದುಹೋಗುವ ಕಂಟ್ರೋಲರ್ ಎಷ್ಟೋ ಸಲ ಈ ಒಂದು ಕೇಬಲ್‌ನಿಂದಲೇ ಸರಿಯಾಗುತ್ತದೆ.

ಲ್ಯಾಮಿಂಗ್ಟನ್ ರಸ್ತೆಗೆ ಹೋಗುವುದಾದರೆ

ಇಷ್ಟಾದರೂ ಏಳದಿದ್ದರೆ ಬಿಲ್ ಹುಡುಕಿ, ವಾರಂಟಿ ಇದೆಯೇ ನೋಡಿ. ಇದ್ದರೆ ಒಂದು ಸ್ಕ್ರೂ ಕೂಡ ಬಿಚ್ಚಬೇಡಿ. ಮುಗಿದಿದ್ದರೆ ಗ್ರಾಂಟ್ ರೋಡ್ ಸ್ಟೇಷನ್ನಿನ ಪೂರ್ವಕ್ಕೆ ಇಳಿಯಿರಿ. ಡಾ. ದಾದಾಸಾಹೇಬ ಭಡಕಮ್ಕರ್ ಮಾರ್ಗ ಎಂಬುದು ಅಧಿಕೃತ ಹೆಸರು, ಲ್ಯಾಮಿಂಗ್ಟನ್ ರಸ್ತೆ ಎಂದರೇ ಎಲ್ಲರಿಗೂ ಗೊತ್ತು. ಭಾನುವಾರ ಹೆಚ್ಚಿನ ಅಂಗಡಿಗಳು ಮುಚ್ಚಿರುತ್ತವೆ, ವಾರದ ದಿನ ಹೋಗಿ.

ಹೋಗುವಾಗ ರಿಸೀವರನ್ನೂ ಕೇಬಲನ್ನೂ ಹೊಸ ಆಲ್ಕಲೈನ್ ಸೆಲ್ ಜೋಡಿಯನ್ನೂ ಒಯ್ಯಿರಿ. ‘ಚಾಲೂ ನಹೀ ಹೋತಾ’ ಎಂದಷ್ಟೇ ಹೇಳಿದರೆ ಬೋರ್ಡ್ ಬದಲಿಸುವ ಮಾತು ಬೇಗ ಬರುತ್ತದೆ. ಕೇಬಲ್‌ನಲ್ಲಿ ನಡೆಯುತ್ತದೆ, ಸೆಲ್‌ನಲ್ಲಿ ನಡೆಯುವುದಿಲ್ಲ, ತಗಡಿನಲ್ಲಿ ಇಷ್ಟು ವೋಲ್ಟ್ ಇದೆ ಎಂದು ನೀವು ಕಂಡದ್ದನ್ನು ಹೇಳಿ, ಸೆಲ್ ಮನೆಯ ಸ್ಪ್ರಿಂಗು-ತಗಡು ಬದಲಿಸಲು ಅಥವಾ ಬೆಸುಗೆ ಹಾಕಲು ಎಷ್ಟಾಗುತ್ತದೆ ಎಂದೇ ಕೇಳಿ. ಮೊತ್ತ ಹೊಸದರ ಅರ್ಧ ಬೆಲೆಗೆ ಹತ್ತಿರ ಬಂದರೆ ಬೇಡವೆನ್ನಿ. ರಿಪೇರಿಯಾದ ಮೇಲೆ ಅಲ್ಲೇ ನಿಮ್ಮ ಸೆಲ್ ಹಾಕಿ, ವೈಬ್ರೇಷನ್ ಹಚ್ಚಿಸಿ, ಕಂಟ್ರೋಲರನ್ನು ಅಂಗೈಗೆ ನಾಲ್ಕು ಸಲ ತಟ್ಟಿ, ದೀಪ ಅಲುಗದಿದ್ದರೆ ಹಣ ಕೊಡಿ.